ಲೆಗ್ ಡೇ ರಾತ್ರಿಯ ಊಟ

ಮಲಗುವ ಮೂರು ಗಂಟೆ ಮುಂಚೆಯೇ ಊಟ ಮುಗಿಸಿ ಎಂದು ಎಲ್ಲರೂ ಹೇಳುತ್ತಾರೆ. ಹೇಳುವವರು ಸಂಜೆ ಏಳರ ಮೇಲೆ ಸ್ಕ್ವಾಟ್ ಮಾಡುವವರಲ್ಲ. ಬೆಂಗಳೂರಿನಲ್ಲಿ ಆಫೀಸು ಬಿಟ್ಟು, ಟ್ರಾಫಿಕ್ಕಿನಲ್ಲಿ ತೆವಳಿ ಜಿಮ್ ಸೇರುವುದೇ ಏಳಕ್ಕೆ. ಭಾರ ಎತ್ತಿ ಮುಗಿಸಿ, ಮನೆಗೆ ಬಂದು, ಸ್ನಾನ ಮಾಡಿ ತಟ್ಟೆ ಮುಂದೆ ಕೂರುವಾಗ ಒಂಬತ್ತೂಕಾಲು. ಹನ್ನೊಂದಕ್ಕೆ ದೀಪ ಆರಿಸದಿದ್ದರೆ ಮರುದಿನ ಕೆಟ್ಟಂತೆ. ಪವರ್‌ಲಿಫ್ಟಿಂಗ್ ಹುಚ್ಚು ಹಿಡಿದ ಮೇಲೆ ನಾನು ಊಟದ ಬಗ್ಗೆ ಕಲಿತದ್ದೆಲ್ಲ ಈ ಎರಡು ಗಂಟೆಗೂ ಕಡಿಮೆಯ ಅವಧಿಯ ಸುತ್ತಲೇ.

ಮೊದಮೊದಲು ಲೆಗ್ ಡೇ ರಾತ್ರಿ ಎಂದರೆ ಹಬ್ಬ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಕ್ಯಾಂಟೀನಿನ ಅನ್ನ ಸಾಂಬಾರು ತಿಂದು ದಿನ ದೂಡಿದ ಹೊಟ್ಟೆ ರಾತ್ರಿ ಸಾಲ ವಸೂಲಿಗೆ ಕೂರುತ್ತಿತ್ತು. ಎರಡು ಮುದ್ದೆ, ಕೋಳಿ ಸಾರು, ಮೇಲೆ ಅನ್ನ, ಬೇಯಿಸಿದ ಮೊಟ್ಟೆ, ದಿನದ ಪ್ರೋಟೀನ್ ಇನ್ನೂ ಬಾಕಿ ಇದೆಯಲ್ಲ ಎಂದು ಕೊನೆಗೊಂದು ಶೇಕ್. ನಿದ್ದೆಯೇನೋ ತಕ್ಷಣ ಬರುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಗಂಟಲಿಗೆ ಹುಳಿ ನುಗ್ಗಿ ಎಚ್ಚರ. ಫ್ಯಾನು ಐದರಲ್ಲಿ ತಿರುಗುತ್ತಿದ್ದರೂ ಬನಿಯನ್ನು ಬೆನ್ನಿಗೆ ಅಂಟಿರುತ್ತಿತ್ತು, ತೊಡೆಯೊಳಗೆ ಡಬಡಬ ಬಡಿತ. ದಿಂಬಿನ ಮೇಲೆ ದಿಂಬಿಟ್ಟು ಅರ್ಧ ಕೂತೇ ಬೆಳಗು ಮಾಡಬೇಕು.

ನಿದ್ದೆ ಗಟ್ಟಿಯಾಗಬೇಕಾದರೆ ದೇಹದ ಒಳಗಿನ ಉಷ್ಣತೆ ಕೊಂಚ ಇಳಿಯಬೇಕು. ಪ್ರೋಟೀನಿನಿಂದ ಸಿಗುವ ಶಕ್ತಿಯಲ್ಲಿ ಶೇ. 20ರಿಂದ 30ರಷ್ಟು ಅದನ್ನು ಅರಗಿಸುವುದಕ್ಕೇ ಹೋಗಿ ಶಾಖವಾಗುತ್ತದೆ. ಅನ್ನ, ಮುದ್ದೆಗಾದರೆ ಇದು ಶೇ. 5ರಿಂದ 10. ಜಿಡ್ಡು ಹೊಟ್ಟೆ ಖಾಲಿಯಾಗುವುದನ್ನು ತಡಮಾಡುತ್ತದೆ, ಅಂಗಾತ ಮಲಗಿದರೆ ಆಮ್ಲ ಮೇಲೇರುವುದು ಸಲೀಸು. ತಾಲೀಮಿನಿಂದ ಮೊದಲೇ ಕಾದಿರುವ ಮೈಗೆ ಇವಿಷ್ಟೂ ಒಟ್ಟಿಗೆ ಬಂದರೆ ಎಚ್ಚರವಾಗದೆ ಇನ್ನೇನು? ಎಡಮಗ್ಗುಲಾಗಿ ಮಲಗಿದರೆ ಎದೆಯುರಿ ಕಡಿಮೆ ಎಂಬುದು ನಿಜ, ಆದರೆ ಅದು ತಾತ್ಕಾಲಿಕ.

ಆಮೇಲೆ ಬಂತು ಕಟ್ಟಿಂಗ್. ಸ್ಪರ್ಧೆಗೆ 74 ಕೆಜಿ ವಿಭಾಗಕ್ಕೆ ಇಳಿಯಬೇಕಿತ್ತು. ಜಿಮ್ಮಿನ ಅಲಿಖಿತ ಕಾನೂನು ಗೊತ್ತಲ್ಲ: ಆರರ ಮೇಲೆ ಕಾರ್ಬ್ ಮುಟ್ಟಬಾರದು. ಚಿಕನ್ ಬ್ರೆಸ್ಟ್, ಸೌತೆಕಾಯಿ, ಅಷ್ಟೇ. ಈ ಬಾರಿ ಎಚ್ಚರವಾಗುತ್ತಿದ್ದುದು ಮೂರಕ್ಕೆ, ಹಸಿವಿಗೆ. ಫ್ರಿಜ್ಜಿನ ಬಾಗಿಲು ತೆಗೆದು ಮೊಸರಿನ ಪಾತ್ರೆ ನೋಡುತ್ತ ನಿಂತಿದ್ದರೆ, ಅಮ್ಮ ಒಳಗಿಂದಲೇ, "ಒಂದು ತುತ್ತು ಅನ್ನ ಕಲಸ್ಕೊಂಡು ತಿಂದು ಮಲಗೋ, ನಿನ್ನ ಪದಕ ಎಲ್ಲೂ ಓಡಿಹೋಗಲ್ಲ" ಅನ್ನೋಳು.

ಅಮ್ಮನ ಮಾತಿಗೆ ಆಸ್ಟ್ರೇಲಿಯಾದಲ್ಲಿ ಸಾಕ್ಷಿ ಸಿಕ್ಕಿತು. ಸಿಡ್ನಿ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನವೊಂದರಲ್ಲಿ, ಬೇಗ ಅರಗುವ ಜಾಸ್ಮಿನ್ ಅಕ್ಕಿಯ ಅನ್ನವನ್ನು ಮಲಗುವ ನಾಲ್ಕು ಗಂಟೆ ಮುಂಚೆ ಉಂಡವರಿಗೆ ಸುಮಾರು 9 ನಿಮಿಷದಲ್ಲಿ ನಿದ್ದೆ ಹತ್ತಿತ್ತು. ನಿಧಾನಕ್ಕೆ ಅರಗುವ ಅಕ್ಕಿ ಉಂಡವರಿಗೆ 17 ನಿಮಿಷಕ್ಕಿಂತ ಹೆಚ್ಚು. ಹನ್ನೆರಡೇ ಜನರ ಪ್ರಯೋಗ, ತಲೆ ಮೇಲೆ ಹೊತ್ತು ಮೆರೆಸಬೇಕಿಲ್ಲ. ಆದರೂ ರಾತ್ರಿ ಅನ್ನವೇ ವಿಷ ಎನ್ನುವವರ ಬಾಯಿ ಮುಚ್ಚಿಸಲು ಸಾಕು.

ಇನ್ನೊಂದು ಕಳ್ಳ ತಟ್ಟೆಯಲ್ಲಿರಲೇ ಇಲ್ಲ, ಶೇಕರಿನಲ್ಲಿದ್ದ. ಪ್ರೀ ವರ್ಕೌಟ್ ಪುಡಿಯ ಒಂದು ಸ್ಕೂಪಿನಲ್ಲಿ 200 ಮಿಲಿಗ್ರಾಂ ಕೆಫೀನ್ ಇರುವುದು ಮಾಮೂಲು. ರಕ್ತದಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಏಳರ ಸೆಷನ್ನಿಗೆಂದು ಕುಡಿದದ್ದರಲ್ಲಿ ಅರ್ಧ ಮಧ್ಯರಾತ್ರಿಯೂ ಮೈಯಲ್ಲೇ ಓಡಾಡುತ್ತಿರುತ್ತದೆ. "ನಂಗೆ ಕಾಫಿ ಕುಡಿದ್ರೂ ನಿದ್ದೆ ಬರುತ್ತೆ ಗುರೂ" ಎನ್ನುವವರು ಪ್ರತಿ ಜಿಮ್ಮಿನಲ್ಲೂ ಇದ್ದಾರೆ. ಬರುತ್ತದೆ, ಆಳ ಇರುವುದಿಲ್ಲ. 2013ರ ಅಮೆರಿಕದ ಅಧ್ಯಯನವೊಂದರಲ್ಲಿ, ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿತವಾಗಿತ್ತು; ಅವರಿಗೇ ಅದು ಅಷ್ಟಾಗಿ ತಿಳಿದಿರಲಿಲ್ಲ. ನನ್ನ ಕೊನೆಯ ಫಿಲ್ಟರ್ ಕಾಫಿ ಈಗ ಮಧ್ಯಾಹ್ನದ ಊಟದ ಬೆನ್ನಿಗೇ.

ಮಲಗುವಾಗ ಹಾಲು ಕುಡಿದರೆ ಸ್ನಾಯು ಬೆಳೆಯುತ್ತದೆ ಎನ್ನುವ ಮಾತಿಗೂ ಆಧಾರವಿದೆ. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ, ಸಂಜೆ ಭಾರ ಎತ್ತಿದ ಯುವಕರಿಗೆ ಮಲಗುವ ಅರ್ಧ ಗಂಟೆ ಮುಂಚೆ 40 ಗ್ರಾಂ ಕೇಸೀನ್ ಕೊಟ್ಟು ನೋಡಿದರು. ರಾತ್ರಿಯಿಡೀ ಸ್ನಾಯುಗಳಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಶೇ. 22ರಷ್ಟು ಹೆಚ್ಚಿತ್ತು. ಹಾಲಿನ ಪ್ರೋಟೀನಿನಲ್ಲಿ ಶೇ. 80 ಕೇಸೀನೇ. ಆದರೆ 40 ಗ್ರಾಂ ಪ್ರೋಟೀನಿಗೆ ಲೀಟರಿಗೂ ಹೆಚ್ಚು ಹಾಲು ಬೇಕು. ಕುಡಿದು ನೋಡಿ, ಸ್ನಾಯು ಬೆಳೆಯುವ ಮೊದಲು ಬಚ್ಚಲಿಗೆ ಎದ್ದು ಹೋಗಬೇಕಾಗುತ್ತದೆ. ಪನೀರಾದರೆ ಕಾಲು ಕೆಜಿ ಹತ್ತಿರ, ಜಿಡ್ಡಿನ ಸಮೇತ. ಪರಿಚಯದ ಹಿರಿಯ ಪೈಲ್ವಾನರೊಬ್ಬರನ್ನು ಕೇಳಿದರೆ ನಕ್ಕರು: "ನಾವು ಬಾದಾಮಿ ಹಾಲು, ತುಪ್ಪ ಎಲ್ಲ ಕುಡಿದಿದ್ದೀವಿ ಕಣಪ್ಪ. ಆದರೆ ಬೆಳಗಿನ ಜಾವ ಗರಡೀಲಿ ಸಾಮು ಮಾಡಿ ಮಧ್ಯಾಹ್ನ ಮಲಗ್ತಿದ್ವಿ. ನೀವು ಮಧ್ಯಾಹ್ನ ಮೀಟಿಂಗಲ್ಲಿ ಕೂತಿರ್ತೀರಿ."

ಅಲ್ಲಿಗೆ ಲೆಕ್ಕ ತಿರುವಿ ಹಾಕಿದೆ. ಶಕ್ತಿ ತಾಲೀಮಿನವರಿಗೆ ದೇಹದ ತೂಕದ ಕೆಜಿಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಸಾಕಷ್ಟಾಯಿತು, ನನಗೆ ಸುಮಾರು 120 ಗ್ರಾಂ. ನಾಲ್ಕು ಹೊತ್ತಿಗೆ ಹಂಚಿದರೆ ರಾತ್ರಿಯ ಪಾಲು 30. ಕೋಳಿ ಸಾರು, ಮುದ್ದೆ ಮಧ್ಯಾಹ್ನದ ಡಬ್ಬಿಗೆ ಹೋದವು. ಐದೂವರೆಗೆ ಮೇಜಿನಲ್ಲೇ ಎರಡು ಬಾಳೆಹಣ್ಣು, ವೇ ಪುಡಿ ಕದಡಿದ ನೀರು. ರಾತ್ರಿ ಬಿಸಿ ಅನ್ನ, ಖಾರ ಕಡಿಮೆಯ ತಿಳಿಸಾರು, ಮೂರು ಮೊಟ್ಟೆ, ಮೇಲೆ ಒಂದು ಬಟ್ಟಲು ಮೊಸರನ್ನ. ರಾತ್ರಿ ಮೊಸರು ಶೀತ ಎಂದು ಅಜ್ಜಿ ತಕರಾರು ತೆಗೆದಿದ್ದರು. ನನಗೇನೂ ಆಗಲಿಲ್ಲ, ಅಜ್ಜಿ ಒಪ್ಪಲೂ ಇಲ್ಲ. ನೀರು ಮಾತ್ರ ಒಂಬತ್ತಕ್ಕೆ ಮುಂಚೆಯೇ ಕುಡಿದು ಮುಗಿಸಬೇಕು.

ಬಿರಿಯಾನಿ ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಡೆಡ್‌ಲಿಫ್ಟ್ ಮುಗಿಸಿ ಮಧ್ಯಾಹ್ನಕ್ಕೇ ಉಂಡು, ಪೈಲ್ವಾನರ ಹಾಗೆ ಒಂದು ಗಂಟೆ ಮಲಗುತ್ತೇನೆ.