ಬೂಷ್ಟು ಹಿಡಿದ ಹಿಂಡಿ, ಮೇವು ಮತ್ತು ನಮ್ಮ ಹಾಲು



ಮಳೆಗಾಲ ಹಿಡಿದುಕೊಂಡಿತೆಂದರೆ ಮನೆಯಲ್ಲಿ ಬೂಷ್ಟಿನ ಕಾಟ ಎಲ್ಲರಿಗೂ ಗೊತ್ತಿದ್ದದ್ದೇ. ಗೋಡೆ ಕಪ್ಪಾಗುತ್ತದೆ, ಉಪ್ಪಿನಕಾಯಿ ಜಾಡಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಉಪ್ಪಿನಕಾಯಿಯನ್ನು ಚೆಲ್ಲುತ್ತೇವೆ. ಮುಗ್ಗಿದ ಜೋಳ, ಕಡಲೆಕಾಯಿ, ಗಂಟುಗಟ್ಟಿದ ಹಿಂಡಿಯನ್ನು ಮಾತ್ರ "ಚೆಲ್ಲುವುದೇಕೆ, ದನಕ್ಕೆ ಹಾಕಿದರಾಯಿತು" ಎನ್ನುತ್ತೇವೆ. ತಪ್ಪು ಆಗುವುದು ಇಲ್ಲೇ.

ಹೋದ ವರ್ಷ ಶ್ರಾವಣದಲ್ಲಿ ಒಂದು ಹಳ್ಳಿಯಿಂದ ಕರೆ ಬಂತು. ಹೊತ್ತಿಗೆ ಐದು ಲೀಟರು ಕೊಡುತ್ತಿದ್ದ ಮಿಶ್ರತಳಿ ಹಸು ಮೂರಕ್ಕೆ ಇಳಿದಿತ್ತು. ಜ್ವರವಿಲ್ಲ, ಕೆಚ್ಚಲು ಬಾವು ಇಲ್ಲ. ಸಗಣಿ ತೆಳ್ಳಗಿತ್ತು, ಬಾನಿಯಲ್ಲಿ ಹಿಂಡಿ ಹಾಗೆಯೇ ಉಳಿದಿತ್ತು. "ಯಾರದೋ ಕಣ್ಣು ಬಿದ್ದಿದೆ ಡಾಕ್ಟ್ರೇ" ಎಂದರು ಮನೆಯ ಯಜಮಾನಿ. "ಹಿಂಡಿ ಚೀಲ ಎಲ್ಲಿಟ್ಟಿದ್ದೀರಮ್ಮಾ, ತೋರಿಸಿ" ಎಂದೆ. ಸೋರುವ ಮಣ್ಣಿನ ಗೋಡೆಗೆ ಒರಗಿಸಿ ಬರೀ ನೆಲದ ಮೇಲೆ ಇಟ್ಟಿದ್ದರು. ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು. ಹೆಂಟೆ ಒಡೆದರೆ ಹಸಿರು ಪುಡಿ ಹಾರಿತು. ಆ ಹಿಂಡಿ ನಿಲ್ಲಿಸಿದ ವಾರದಲ್ಲಿ ಹಸು ಬಾನಿ ನೆಕ್ಕತೊಡಗಿತು, ಹಾಲೂ ಹೆಚ್ಚುಕಡಿಮೆ ಮೊದಲಿನಷ್ಟಕ್ಕೆ ಬಂತು. ಹಿಂಡಿಯನ್ನು ಪ್ರಯೋಗಾಲಯಕ್ಕೆ ಕಳಿಸದ್ದರಿಂದ ಅದೇ ಕಾರಣವೆಂದು ಆಣೆ ಮಾಡಿ ಹೇಳಲಾರೆ. ಆದರೆ ಅಂದು ನನಗೆ ಹಸುವಿಗಿಂತ ಹೆಚ್ಚು ಚಿಂತೆಯಾದದ್ದು ಅದೇ ಹಾಲು ಕುಡಿಯುತ್ತಿದ್ದ ಆ ಮನೆಯ ಎರಡು ವರ್ಷದ ಮಗುವಿನದು.

ಕಾರಣ ಹೇಳುತ್ತೇನೆ. ಕೆಲವು ಜಾತಿಯ ಬೂಷ್ಟು, ಮುಖ್ಯವಾಗಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ, ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗ, ಅವಕ್ಕೆ ಹಾಕಿದ್ದ ಕಡಲೆಕಾಯಿ ಹಿಂಡಿಯಿಂದ ಈ ವಿಷ ಬೆಳಕಿಗೆ ಬಂತು. ನಮ್ಮ ದೇಶದಲ್ಲೇ 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಬುಡಕಟ್ಟು ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು, ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ಜೋಳ ತಿಂದ ನಾಯಿಗಳೂ ಸತ್ತವು.

ದನ ಹಾಗೆ ಒಮ್ಮೆಲೇ ಸಾಯುವುದು ಅಪರೂಪ. ಅದಕ್ಕೇ ನಾವು ಮೋಸಹೋಗುವುದು. ಈಲಿ ಕೆಡುತ್ತದೆ, ಮೇವು ಬಿಡುತ್ತದೆ, ಹಾಲು ತಗ್ಗುತ್ತದೆ; ಕರುಗಳಿಗೆ ಇನ್ನೂ ಬೇಗ ತಗಲುತ್ತದೆ. ತಿಂದ ವಿಷದ ಒಂದು ಪಾಲು, ಸಾಮಾನ್ಯವಾಗಿ ನೂರಕ್ಕೆ ಒಂದೆರಡರಷ್ಟು, ಹೆಚ್ಚು ಕರೆಯುವ ಹಸುಗಳಲ್ಲಿ ಇನ್ನೂ ಹೆಚ್ಚು, ರೂಪ ಬದಲಿಸಿ ಒಂದು ದಿನದೊಳಗೇ ಹಾಲಿಗೆ ಬರುತ್ತದೆ. ಕಾಯಿಸಿದರೂ ಹೆಪ್ಪು ಹಾಕಿದರೂ ಹೋಗುವುದಿಲ್ಲ. ಸಂಘದಲ್ಲಿ ಫ್ಯಾಟು, ಎಸ್.ಎನ್.ಎಫ್. ನೋಡುವ ಯಂತ್ರಕ್ಕೆ ಇದು ಕಾಣದು. ಕಾನೂನಿನ ಮಿತಿ ಪಶು ಆಹಾರದಲ್ಲಿ ಟನ್ನಿಗೆ 20 ಮಿಲಿಗ್ರಾಂ. ಹಾಲಿನಲ್ಲಿ ಟನ್ನಿಗೆ ಅರ್ಧ ಮಿಲಿಗ್ರಾಂ ಮಾತ್ರ. ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ ನಡೆಸಿದ ಸಮೀಕ್ಷೆಯ 6,432 ಹಾಲಿನ ಮಾದರಿಗಳಲ್ಲಿ 368 ಈ ಮಿತಿಯನ್ನು ದಾಟಿದ್ದವು. ಸಮಾಧಾನದ ಸಂಗತಿಯೆಂದರೆ, ಕೆಟ್ಟ ಆಹಾರ ನಿಲ್ಲಿಸಿದರೆ ನಾಲ್ಕೈದು ದಿನಗಳಲ್ಲಿ ಹಾಲು ಬಹುಮಟ್ಟಿಗೆ ಶುದ್ಧವಾಗುತ್ತದೆ.

ಕೆಲವರು ಬೂಷ್ಟನ್ನು ಒರೆಸಿ, ಬಿಸಿಲಿಗೆ ಹರಡಿ, ಮತ್ತೆ ಹಾಕುತ್ತಾರೆ. ಬಿಸಿಲಿಗೆ ತೇವ ಆರುತ್ತದೆ, ವಾಸನೆ ಹೋಗುತ್ತದೆ. ಒಳಗೆ ಇಳಿದ ವಿಷ ಪೂರ್ತಿ ಹೋಗುವುದಿಲ್ಲ. ಒಳ್ಳೆಯ ಹಿಂಡಿಗೆ ಸ್ವಲ್ಪ ಸ್ವಲ್ಪ ಬೆರೆಸುವುದೂ ಅಷ್ಟೇ. ಅಂಗಡಿಯಲ್ಲಿ ಸಿಗುವ ಟಾಕ್ಸಿನ್ ಬೈಂಡರ್ ಪುಡಿ ಸ್ವಲ್ಪಮಟ್ಟಿಗೆ ಸಹಾಯ ಮಾಡೀತು, ಆದರೆ ಅದನ್ನು ನಂಬಿ ಮುಗ್ಗಿದ್ದನ್ನು ತಿನ್ನಿಸಬಾರದು. ಅಂಥದ್ದನ್ನು ಕೋಳಿಗೂ ಹಾಕಬೇಡಿ. ದನಕರು ಬಾಯಿ ಹಾಕದ ಕಡೆ ಗುಂಡಿ ತೆಗೆದು ಮುಚ್ಚಿ. ಪುಡಿ ಹಾರುವುದರಿಂದ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಉಬ್ಬಸವಿರುವವರು ಆ ಕೆಲಸಕ್ಕೆ ಹೋಗದಿರುವುದೇ ಲೇಸು.

ಬೂಷ್ಟು ಬಾರದಂತೆ ನೋಡಿಕೊಳ್ಳುವುದು ಇದಕ್ಕಿಂತ ಸುಲಭ. ಹಿಂಡಿ, ಬೂಸಾ, ಪಶು ಆಹಾರದ ಚೀಲಗಳನ್ನು ನೆಲದಿಂದ ಅರ್ಧ ಅಡಿ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ದೂರ ಇಡಿ. ಹಲಗೆ ಕೊಳ್ಳಬೇಕೆಂದಿಲ್ಲ, ನಾಲ್ಕು ಇಟ್ಟಿಗೆ, ಎರಡು ಅಡಿಕೆ ದಬ್ಬೆ ಸಾಕು. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಆಗುವಷ್ಟೇ ತನ್ನಿ. ಮೊದಲು ತಂದದ್ದನ್ನು ಮೊದಲು ಮುಗಿಸಿ. ಒದ್ದೆ ಕೈ, ಒದ್ದೆ ಸೇರು ಚೀಲಕ್ಕೆ ಹಾಕಬೇಡಿ. ಬಾನಿಯ ಮೂಲೆಯಲ್ಲಿ ಕಲಗಚ್ಚು ಹುಳಿಯದಂತೆ ದಿನವೂ ತೊಳೆಯಿರಿ. ಸೋರುವ ಹೆಂಚನ್ನು ಮುಂಗಾರಿಗೆ ಮೊದಲೇ ಸರಿಪಡಿಸಿ, ಗೋಡೆಗೆ ಸುಣ್ಣ ಬಳಿಯಿರಿ. ತೇವ ಬರುವ ದಾರಿ ಮುಚ್ಚದೆ ಸುಣ್ಣವೊಂದನ್ನೇ ಬಳಿದರೆ ಬೂಷ್ಟು ಮತ್ತೆ ಏಳುತ್ತದೆ.

ಮುಸುಕಿನ ಜೋಳ ಒಣಗಿದೆಯೇ ಎಂದು ತಿಳಿಯಲು ಒಂದು ಉಪಾಯವಿದೆ. ಒಣಗಿದ ಗಾಜಿನ ಸೀಸೆಗೆ ಒಂದು ಹಿಡಿ ಕಾಳು, ಎರಡು ಚಮಚ ಒಣ ಪುಡಿಯುಪ್ಪು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ ಇನ್ನೂ ತೇವವಿದೆ, ಚೀಲಕ್ಕೆ ತುಂಬಬೇಡಿ. ಹುಲ್ಲಿನ ಮೆದೆಯನ್ನು ಕಲ್ಲು ಚಪ್ಪಡಿ ಅಥವಾ ಕಟ್ಟಿಗೆ ಹಾಸಿ ಒಟ್ಟಿ. ನೆನೆದ ಹುಲ್ಲಿನ ಮೇಲೆ ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆಂದು ಮುಗ್ಗುತ್ತದೆ.

ಅಂಗಡಿಯಿಂದ ತಂದ ಚೀಲದಲ್ಲೇ ಬೂಷ್ಟು ಕಂಡರೆ ಚೀಲ ಎಸೆಯಬೇಡಿ. ಅದರ ಚೀಟಿಯಲ್ಲಿ ತಯಾರಾದ ದಿನಾಂಕ, ಬ್ಯಾಚ್ ನಂಬರು ಇರುತ್ತವೆ. ಅರ್ಧ ಕಿಲೋದಷ್ಟು ಆಹಾರವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಚೀಟಿಯೊಂದಿಗೆ ನಿಮ್ಮ ಸಂಘದ ಕಾರ್ಯದರ್ಶಿಯವರಿಗೆ ಕೊಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ಬೆವರಿ ಬೂಷ್ಟು ಇನ್ನೂ ಹೆಚ್ಚುತ್ತದೆ, ಪರೀಕ್ಷೆಯ ಫಲಿತಾಂಶ ನಂಬುವಂತಿರುವುದಿಲ್ಲ.