ಸಿಮೆಂಟ್ ಸೀಮೆಯಿಂದ ವಿದೇಶದ ಓದಿಗೆ: ಎಂಟು ಸೂತ್ರಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ವಿದ್ಯಾರ್ಥಿಗಳು ಬಿಕಾಂ, ಬಿಬಿಎ, ಬಿಇ ಮುಗಿಸಿ ಸುಸ್ಥಿರ ಉದ್ಯಮ ಓದಲು ಹೊರದೇಶಕ್ಕೆ ಹೋಗಲು ಸಾಧ್ಯವೇ? ಖಂಡಿತ ಸಾಧ್ಯ. ಆ ತರಗತಿಗಳಲ್ಲಿ ಚರ್ಚೆಯಾಗುವ ಅತಿ ಕಠಿಣ ಪ್ರಶ್ನೆಗಳು ನಿಮ್ಮ ಮನೆಯ ಸುತ್ತಲೇ ಇವೆ. ಬೇರೆಯವರು ಪುಸ್ತಕದಲ್ಲಿ ಓದುವುದನ್ನು ನೀವು ಕಣ್ಣಾರೆ ಕಂಡು ಬೆಳೆದಿದ್ದೀರಿ.

1. ನಿಮ್ಮೂರನ್ನೇ ವಿಷಯ ಮಾಡಿಕೊಳ್ಳಿ

ಅರ್ಜಿಯ ಜೊತೆ ಕಳಿಸುವ ಉದ್ದೇಶ ಪತ್ರದಲ್ಲಿ ‘ಚಿಕ್ಕಂದಿನಿಂದ ನನಗೆ ಪರಿಸರ ಪ್ರೀತಿ’ ಎಂದು ಬರೆಯಬೇಡಿ. ಎಲ್ಲರೂ ಬರೆಯುವುದು ಅದನ್ನೇ. ಅದರ ಬದಲು ಶಹಾಬಾದ್ ಕಡೆಯ ಒಂದು ಫರಸಿ ಪಾಲಿಶ್ ಘಟಕದಲ್ಲಿ ಅರ್ಧ ದಿನ ನಿಂತು ನೋಡಿ. ಚಕ್ರ ತಿರುಗುತ್ತದೆ, ಮೇಲಿಂದ ನೀರು ಸುರಿಯುತ್ತದೆ, ಕಲ್ಲು ನುಣುಪಾಗುತ್ತದೆ, ಬೂದುಬಣ್ಣದ ರಾಡಿ ಗಟಾರಿಗೆ ಹರಿಯುತ್ತದೆ. ಅದೇ ರಾಡಿ ಒಣಗಿದ ಮೇಲೆ ಗಾಳಿಗೆದ್ದು ಪಕ್ಕದ ಹೊಲದ ತೊಗರಿ ಎಲೆಯ ಮೇಲೆ ಕೂರುತ್ತದೆ. ದಿನಕ್ಕೆ ಎಷ್ಟು ನೀರು? ಎಷ್ಟು ಕಲ್ಲು ಒಡೆದು ರಸ್ತೆ ಬದಿಯ ರಾಶಿಗೆ ಸೇರುತ್ತದೆ? ರಾಡಿಯನ್ನು ಯಾರಾದರೂ ಕೊಳ್ಳುತ್ತಾರೆಯೇ? ಒಣಗಿದ ರಾಡಿಯ ಪುಡಿಯೂ ಸಿಮೆಂಟಿಗೆ ಬೇಕಾಗುವ ಸುಣ್ಣದಕಲ್ಲೇ ಎಂಬುದನ್ನು ಮರೆಯಬೇಡಿ. ಮಾಲೀಕರನ್ನೂ ಕೂಲಿಯವರನ್ನೂ ಮಾತನಾಡಿಸಿ, ಉತ್ತರಗಳನ್ನು ಅಂಕಿಗಳಲ್ಲಿ ಬರೆದುಕೊಳ್ಳಿ. ಪತ್ರದ ಮೊದಲ ಪುಟ ಅಲ್ಲಿಗೆ ಸಿದ್ಧ.

ಎಲ್ಲರೂ ಕಲ್ಲನ್ನೇ ಹಿಡಿಯಬೇಕೆಂದಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ಅದರ ಲಾಭದಲ್ಲಿ ರೈತನ ಪಾಲೆಷ್ಟು ಎಂಬುದೂ ಒಳ್ಳೆಯ ವಿಷಯ. 2011ರಲ್ಲಿ ವನ್ಯಜೀವಿ ಧಾಮವಾದ ಚಿಂಚೋಳಿ ಕಾಡು, ಅದರ ಸುತ್ತಲಿನ ತಾಂಡಾಗಳ ದುಡಿಮೆ ಇನ್ನೊಂದು.

2. ಕಲ್ಲಿನ ಲೆಕ್ಕ ಬಾಯಿಪಾಠ ಇರಲಿ

ನೂರು ಕಿಲೊ ಶುದ್ಧ ಸುಣ್ಣದಕಲ್ಲು ಸುಟ್ಟರೆ 44 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಲ್ಲಿದ್ದಲು ಬಿಟ್ಟು ಬೇರೆ ಇಂಧನ ಉರಿಸಿದರೂ ಇದು ತಪ್ಪದು, ಅನಿಲ ಇರುವುದು ಕಲ್ಲಿನೊಳಗೇ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲು ಶೇ 7–8 ಆಗಿರುವುದಕ್ಕೆ ಮುಖ್ಯ ಕಾರಣ ಇದು. ಹೀಗಾಗಿ ಸಿಮೆಂಟಿನಲ್ಲಿ ಕ್ಲಿಂಕರ್, ಅಂದರೆ ಸುಣ್ಣದಕಲ್ಲು ಸುಟ್ಟು ಮಾಡಿದ ಗಟ್ಟಿಯ ಪಾಲು, ಕಡಿಮೆ ಮಾಡುವುದೇ ದಾರಿ. ಸ್ವಿಟ್ಜರ್ಲೆಂಡಿನ ಲೋಸಾನ್‌ನ ಇಪಿಎಫ್‌ಎಲ್, ಕ್ಯೂಬಾದ ಸಂಶೋಧಕರು, ದೆಹಲಿ ಮತ್ತು ಮದ್ರಾಸ್ ಐಐಟಿಗಳು ಸೇರಿ ಬೆಳೆಸಿದ ‘ಎಲ್‌ಸಿ3’ ಸಿಮೆಂಟಿನಲ್ಲಿ ಕ್ಲಿಂಕರ್ ಅರ್ಧದಷ್ಟೇ. ಉಳಿದದ್ದು ಸುಟ್ಟ ಜೇಡಿ, ಸುಡದ ಸುಣ್ಣದಕಲ್ಲಿನ ಪುಡಿ, ಸ್ವಲ್ಪ ಜಿಪ್ಸಮ್. ಇಂಗಾಲ ಶೇ 40ರವರೆಗೆ ಇಳಿಯುತ್ತದೆ. ಭಾರತೀಯ ಮಾನಕ ಬ್ಯೂರೊ 2023ರಲ್ಲಿ ಇದಕ್ಕೆ ಮಾನದಂಡ ಕೊಟ್ಟಿದೆ. ವಾಣಿಜ್ಯ ಓದಿದವರೂ ಇಷ್ಟನ್ನು ಅರಿತೇ ಹೊರಡಬೇಕು.

3. ಊರಿನ ಹೆಸರಲ್ಲ, ವಿಭಾಗ ನೋಡಿ

ಲಂಡನ್ ಎಂದ ಮಾತ್ರಕ್ಕೆ ಕೋರ್ಸ್ ಒಳ್ಳೆಯದಾಗುವುದಿಲ್ಲ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಕೈಗಾರಿಕಾ ಪರಿಸರ ಅರ್ಥಶಾಸ್ತ್ರಕ್ಕೇ ಮೀಸಲಾದ ಸಂಸ್ಥೆಯಿದೆ. ನೆದರ್ಲೆಂಡ್ಸ್‌ನ ಲೈಡನ್ ಮತ್ತು ಡೆಲ್ಫ್ಟ್ ಸೇರಿ ‘ಇಂಡಸ್ಟ್ರಿಯಲ್ ಇಕಾಲಜಿ’ ಕಲಿಸುತ್ತವೆ. ಡೆನ್ಮಾರ್ಕಿನ ಕಲುಂಡ್‌ಬೋರ್ ಪಟ್ಟಣದಲ್ಲಿ ಒಂದು ಕಾರ್ಖಾನೆಯ ಕಸ ಇನ್ನೊಂದಕ್ಕೆ ಕಚ್ಚಾ ಮಾಲಾಗುವ ವ್ಯವಸ್ಥೆ 1970ರ ದಶಕದಿಂದ ನಡೆದಿದೆ. ಶಹಾಬಾದಿನ ರಾಡಿಗೆ ಉತ್ತರ ಹುಡುಕುವವರು ಅದನ್ನು ಓದಲೇಬೇಕು. ಇನ್ನೊಂದು ಸಂಗತಿ: ಚಿಂಚೋಳಿ ತಾಲ್ಲೂಕಿನ ಛತ್ರಸಾಲದಲ್ಲಿರುವ ಸಿಮೆಂಟ್ ಕಾರ್ಖಾನೆ ಫ್ರಾನ್ಸಿನ ವಿಕಾ ಸಮೂಹದ್ದು. ಫ್ರಾನ್ಸಿನಲ್ಲಿ ಓದುವ ಚಿಂಚೋಳಿಯ ಹುಡುಗಿ ಇಂಟರ್ನ್‌ಶಿಪ್ ಕೇಳಲು ಇದಕ್ಕಿಂತ ಒಳ್ಳೆಯ ಪರಿಚಯ ಬೇಕೇ?

4. ಹೊಲ ಮಾರಿ ಹೋಗಬೇಡಿ

ಇದನ್ನು ಒತ್ತಿ ಹೇಳುತ್ತೇನೆ. ಮೊದಲು ವಿದ್ಯಾರ್ಥಿವೇತನ ಹುಡುಕಿ, ಆಮೇಲೆ ಸಾಲ, ಹೊಲದ ಮಾತು ಬೇಡವೇ ಬೇಡ. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ: ಶೇ 60 ಅಂಕ, 35ರೊಳಗಿನ ವಯಸ್ಸು, 8 ಲಕ್ಷದೊಳಗಿನ ಕುಟುಂಬ ಆದಾಯ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ‘ಪ್ರಬುದ್ಧ’ ಯೋಜನೆ ಇದೆ. ಷರತ್ತುಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ ಪ್ರಕಟಣೆ ಓದಿ. ಯುರೋಪಿನ ಎರಾಸ್ಮಸ್ ಮುಂಡಸ್ ಎಲ್ಲರಿಗೂ ತೆರೆದಿದೆ; ಆಯ್ಕೆಯಾದರೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೊ ಸಿಗುತ್ತದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ನಿಜ, ಆದರೆ ವರ್ಷದ ಖರ್ಚಿಗೆಂದು 11,904 ಯೂರೊ ಮೊದಲೇ ಖಾತೆಯಲ್ಲಿ ತೋರಿಸಬೇಕು. ಅದು ಹತ್ತು ಲಕ್ಷ ರೂಪಾಯಿ ಮೀರುವ ಮೊತ್ತ. ‘ಜರ್ಮನಿಯಲ್ಲಿ ಪುಕ್ಕಟೆ’ ಎನ್ನುವ ಏಜೆಂಟರ ಮಾತು ಅರ್ಧ ಸತ್ಯ.

5. ಕಾಗದಪತ್ರ ಒಂದು ವರ್ಷ ಮೊದಲೇ

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು ಒಂದೇ ಥರ ಇರಲಿ. ತಂದೆಯ ಹೆಸರು ಒಂದರಲ್ಲಿ, ಮನೆತನದ ಹೆಸರು ಇನ್ನೊಂದರಲ್ಲಿ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಜರ್ಮನಿಗೆ, ನಿಮ್ಮ ಅಂಕಪಟ್ಟಿಗಳು ಅಸಲಿ ಎಂದು ದೃಢೀಕರಿಸುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ. ನಮ್ಮ ಭಾಗದವರಿಗಿರುವ 371(ಜೆ) ಪ್ರಮಾಣಪತ್ರ ಅಲ್ಲಿ ನೆರವಾಗದು, ಆ ಮೀಸಲಾತಿ ನಮ್ಮ ನಾಡಿನೊಳಗೆ ಮಾತ್ರ.

6. ಇಂಗ್ಲಿಷ್‌ಗೆ ಹೆದರಬೇಡಿ

ಕನ್ನಡ ಮಾಧ್ಯಮ ಅಡ್ಡಿಯಲ್ಲ. ವಾಡಿಯ ಎಸಿಸಿ, ಮಳಖೇಡದ ಅಲ್ಟ್ರಾಟೆಕ್ ಕಾರ್ಖಾನೆಗಳನ್ನು ನಡೆಸುವ ಕಂಪನಿಗಳ ವಾರ್ಷಿಕ ಸುಸ್ಥಿರತಾ ವರದಿಗಳು ಅಂತರಜಾಲದಲ್ಲಿ ಉಚಿತ. ದಿನಕ್ಕೆರಡು ಪುಟ ನಿಘಂಟಿನೊಂದಿಗೆ ಓದಿ. ಭಾಷೆಯೂ ವಿಷಯವೂ ಒಟ್ಟಿಗೆ ಬರುತ್ತವೆ.

7. ಎರಡು ವರ್ಷ ದುಡಿದು ಹೋಗಿ

ಬ್ರಿಟನ್ನಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಎರಡು ವರ್ಷದ ಕೆಲಸದ ಅನುಭವ ಬೇಕೇ ಬೇಕು. ಬೇರೆ ಕಡೆಯೂ ಅನುಭವಕ್ಕೆ ತೂಕವಿದೆ. ಕಾರ್ಖಾನೆಯ ಲೆಕ್ಕಪತ್ರ ವಿಭಾಗ, ರೈತ ಉತ್ಪಾದಕರ ಕಂಪನಿ, ದಾಲ್ ಮಿಲ್ಲು ಯಾವುದಾದರೂ ಸರಿ.

8. ಇಂಗಾಲದ ಲೆಕ್ಕ ಬರೆಯಲು ಕಲಿತು ಬನ್ನಿ

ನನ್ನ ಮಟ್ಟಿಗೆ ಇದೇ ಮುಖ್ಯ ಕೌಶಲ. ಷೇರುಪೇಟೆಯಲ್ಲಿ ನೋಂದಾಯಿತವಾದ, ಮಾರುಕಟ್ಟೆ ಮೌಲ್ಯದಲ್ಲಿ ದೇಶದ ಮೊದಲ 1,000 ಕಂಪನಿಗಳು 2022–23ರಿಂದ ಸುಸ್ಥಿರತಾ ವರದಿ ಕೊಡುವುದನ್ನು ಷೇರುಪೇಟೆ ನಿಯಂತ್ರಕ ಸೆಬಿ ಕಡ್ಡಾಯ ಮಾಡಿದೆ. ಐರೋಪ್ಯ ಒಕ್ಕೂಟ 2026ರ ಜನವರಿಯಿಂದ ಆಮದು ಸಿಮೆಂಟಿನ ಮೇಲೂ ಇಂಗಾಲದ ಸುಂಕ ಜಾರಿಗೆ ತಂದಿದೆ. ಈ ಲೆಕ್ಕ ಬಲ್ಲವರು ಮುಂಬೈಯಲ್ಲಿ ಕುಳಿತರೆ ಸಾಲದು, ಸುಣ್ಣದಕಲ್ಲು ಸುಡುವ ಗೂಡಿನ ಪಕ್ಕದಲ್ಲೂ ಬೇಕು. ಹೊಲಕ್ಕೆ ಬೀಳುವ ದೂಳನ್ನೂ ಬತ್ತಿದ ಬಾವಿಯನ್ನೂ ಆ ಲೆಕ್ಕದೊಳಗೆ ತರಬಲ್ಲವರು ಇಲ್ಲಿ ಹುಟ್ಟಿ ಬೆಳೆದವರು.

ಕೊನೆಗೆ ನಮ್ಮ ಐದೂ ಊರುಗಳ ಪದವಿ ಕಾಲೇಜುಗಳ ಉಪನ್ಯಾಸಕರಲ್ಲಿ ಒಂದು ವಿನಂತಿ. ವಿದ್ಯಾರ್ಥಿವೇತನದ ಪ್ರಕಟಣೆ ಬಂದ ದಿನವೇ ಅದನ್ನು ಸೂಚನಾ ಫಲಕಕ್ಕೆ ಹಚ್ಚಿ, ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಕೊನೆಯ ಬೆಂಚಿನಲ್ಲಿ ಕೂತ ತಾಂಡಾದ ಹುಡುಗಿಯನ್ನು ಹೆಸರು ಹಿಡಿದು ಕರೆದು, ಅರ್ಜಿ ತುಂಬಲು ಜೊತೆಗೆ ಕುಳಿತುಕೊಳ್ಳಿ.