ಕಾಮಗಾರಿಯ ನಡುವೆ ಬದಲಾವಣೆ ಕೋರಿಕೆ: ಕಾರಣಗಳು ಮತ್ತು ಪರಿಣಾಮಗಳು

ಹೊಸ ಶೆಡ್ಡಿನ ನಿರ್ಮಾಣ, ಯಂತ್ರಗಳ ಸ್ಥಾಪನೆ, ಲೆಕ್ಕಪತ್ರ ತಂತ್ರಾಂಶದ ಅಳವಡಿಕೆ - ಕಾರ್ಯ ಯಾವುದೇ ಇರಲಿ, ಸಹಿ ಹಾಕಿದ ದಿನದ ನಕ್ಷೆಯಂತೆಯೇ ಕೊನೆಯವರೆಗೂ ನಡೆಯುವುದು ವಿರಳ. ಒಪ್ಪಿದ ಕೆಲಸದ ವ್ಯಾಪ್ತಿ, ದರ ಅಥವಾ ಅವಧಿಯನ್ನು ಬದಲಿಸುವಂತೆ ಒಂದು ಪಕ್ಷವು ಇನ್ನೊಂದಕ್ಕೆ ಲಿಖಿತವಾಗಿ ಸಲ್ಲಿಸುವ ಮನವಿಯೇ ಬದಲಾವಣೆ ಕೋರಿಕೆ. ಇದು ಗುತ್ತಿಗೆದಾರರ ತಂತ್ರವೆಂದು ಮಾಲೀಕರೂ, ಮಾಲೀಕರ ಚಂಚಲತೆಯೆಂದು ಗುತ್ತಿಗೆದಾರರೂ ಭಾವಿಸುವುದುಂಟು. ಆದರೆ ಕೋರಿಕೆಯ ಕಾರಣವನ್ನು ಸರಿಯಾಗಿ ಗುರುತಿಸಿದರೆ, ಹೆಚ್ಚುವರಿ ವೆಚ್ಚವನ್ನು ಯಾರು ಭರಿಸಬೇಕೆಂಬ ಪ್ರಶ್ನೆಗೂ ಬಹುಮಟ್ಟಿಗೆ ಉತ್ತರ ದೊರೆಯುತ್ತದೆ.

ಮುಖ್ಯ ಕಾರಣಗಳು

1. ಅಪೂರ್ಣ ವಿವರಣೆ: 'ಅಗತ್ಯ ವಿದ್ಯುತ್ ವ್ಯವಸ್ಥೆ ಸಹಿತ' ಎಂಬಂತಹ ಪದಗಳಿಗೆ ಎರಡೂ ಕಡೆಯವರು ತಮಗೆ ಅನುಕೂಲವಾದ ಅರ್ಥ ಮಾಡಿಕೊಂಡಿರುತ್ತಾರೆ. ಇಲ್ಲಿ ವಿವಾದ ಹುಟ್ಟುವುದೇ ಹೆಚ್ಚು.

2. ಸ್ಥಳದ ಪರಿಸ್ಥಿತಿ: ಎರೆ ಮಣ್ಣು ತೇವದಲ್ಲಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಣ್ಣಿನ ಪರೀಕ್ಷೆಯಿಲ್ಲದೆ ಅಂದಾಜು ಮಾಡಿದಲ್ಲಿ, ಅಗೆದ ಮೇಲೆ ಬುನಾದಿಯ ಆಳವನ್ನು ಹೆಚ್ಚಿಸಬೇಕಾಗುತ್ತದೆ.

3. ಮಾಲೀಕರ ಹೊಸ ಅಗತ್ಯ: ದೊಡ್ಡ ಆರ್ಡರು ಬಂದು ಇನ್ನೊಂದು ಯಂತ್ರ ಸೇರಿದರೆ ಸ್ಥಳವೂ ವಿದ್ಯುತ್ ಹೊರೆಯೂ ಬದಲಾಗುತ್ತವೆ. ವೆಚ್ಚ ಸಹಜವಾಗಿ ಮಾಲೀಕರದೇ.

4. ನಕ್ಷೆಯ ಅಥವಾ ಕೆಲಸದ ದೋಷ: ಗುತ್ತಿಗೆದಾರರ ಲೋಪವನ್ನು ಸರಿಪಡಿಸುವುದು 'ಹೆಚ್ಚುವರಿ ಕೆಲಸ'ವಾಗದು. ನಕ್ಷೆಯನ್ನು ಮಾಲೀಕರೇ ಒದಗಿಸಿದ್ದರೆ ಮಾತು ಬೇರೆ.

5. ಕಾನೂನು ಹಾಗೂ ತೆರಿಗೆ ಬದಲಾವಣೆ: 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಸರಕು ಮಾರಾಟದ ಕರಾರಿನಲ್ಲಿ ಬೇರೆ ಉದ್ದೇಶ ಕಾಣದಿದ್ದರೆ, ಸರಕು ಮಾರಾಟ ಅಧಿನಿಯಮ 1930ರ 64ಎ ಕಲಮಿನಂತೆ ಇಂತಹ ಏರಿಳಿತಕ್ಕೆ ತಕ್ಕಂತೆ ಬೆಲೆಯನ್ನು ಹೊಂದಿಸಿಕೊಳ್ಳಬಹುದು. ಕಾಮಗಾರಿ ಗುತ್ತಿಗೆಯಲ್ಲಿ ಕರಾರಿನ ಷರತ್ತನ್ನೇ ನೋಡಬೇಕು.

ಬಾಯಿಮಾತಿನ ಬೆಲೆ

ಭಾರತೀಯ ಕರಾರು ಅಧಿನಿಯಮ 1872ರ 62ನೆಯ ಕಲಮಿನಂತೆ ಉಭಯ ಪಕ್ಷಗಳು ಒಪ್ಪಿ ಕರಾರನ್ನು ಬದಲಿಸಬಹುದು. ಆದರೆ ಆ ಒಪ್ಪಿಗೆಯನ್ನು ರುಜುವಾತುಪಡಿಸಬೇಕಾದಾಗ ಕಷ್ಟ ಎದುರಾಗುತ್ತದೆ. 1944ರಲ್ಲಿ ಬಿ.ಕೆ. ಮಂಡಲ್ ಅಂಡ್ ಸನ್ಸ್ ಎಂಬ ಸಂಸ್ಥೆಯು ಬಂಗಾಳ ಸರ್ಕಾರದ ಅಧಿಕಾರಿಗಳ ಕೋರಿಕೆಯ ಮೇರೆಗೆ ದಾಸ್ತಾನು ಶೆಡ್ಡು, ಕಚ್ಚಾ ರಸ್ತೆ ಮುಂತಾದ ಕೆಲಸಗಳನ್ನು ಮಾಡಿಕೊಟ್ಟಿತು. ವಿಧಿವತ್ತಾದ ಕರಾರು ಇಲ್ಲವೆಂದು ಸರ್ಕಾರ ಹಣ ನಿರಾಕರಿಸಿತು. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ನ್ಯಾಯಬದ್ಧವಾಗಿ ಮಾಡಿದ ಕೆಲಸದ ಲಾಭ ಪಡೆದವರು ಪರಿಹಾರ ಕೊಡಬೇಕೆಂಬ 70ನೆಯ ಕಲಮಿನ ಆಧಾರದ ಮೇಲೆ ಸರ್ವೋಚ್ಚ ನ್ಯಾಯಾಲಯವು ಸಂಸ್ಥೆಯ ಪರ ತೀರ್ಪಿತ್ತಿತು. ಅದು 1961ರ ಡಿಸೆಂಬರಿನಲ್ಲಿ. ನ್ಯಾಯ ದೊರೆಯಿತು, ಆದರೆ 17 ವರ್ಷಗಳ ತರುವಾಯ. ಸಣ್ಣ ಉದ್ದಿಮೆಯ ದುಡಿಯುವ ಬಂಡವಾಳ ಅಷ್ಟು ಕಾಲ ಕಾಯಲಾರದು.

ಲೆಕ್ಕದ ದೃಷ್ಟಿ

ಉದಾಹರಣೆಗೆ, ರೂ. 40,00,000ದ ಶೆಡ್ಡಿನ ಕರಾರಿನಲ್ಲಿ ಬುನಾದಿಯ ಆಳಕ್ಕೆ ರೂ. 2,40,000, ಯಂತ್ರದ ಅಡಿಪಾಯಕ್ಕೆ ರೂ. 1,20,000, ವಿದ್ಯುತ್ ಮಾರ್ಗಕ್ಕೆ ರೂ. 80,000 ಹೆಚ್ಚಾಯಿತೆನ್ನೋಣ. ಬಿಡಿಯಾಗಿ ಸಣ್ಣವೆನಿಸಿದರೂ ಒಟ್ಟು ರೂ. 4,40,000, ಅಂದರೆ ಶೇ. 11 ಏರಿಕೆ. ಬ್ಯಾಂಕಿನ ಸಾಲ ಮೊದಲ ಅಂದಾಜಿಗಷ್ಟೇ ಮಂಜೂರಾಗಿದ್ದರೆ ಈ ಮೊತ್ತ ನೇರವಾಗಿ ದುಡಿಯುವ ಬಂಡವಾಳದಿಂದ ಹೋಗುತ್ತದೆ.

ಇದರೊಂದಿಗೆ ತೆರಿಗೆಯ ಅಂಶವೂ ಇದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ 2017ರ 17(5)ನೆಯ ಕಲಮಿನಂತೆ ಸ್ವಂತ ಕಟ್ಟಡದ ನಿರ್ಮಾಣದ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಆದರೆ ಯಂತ್ರಸ್ಥಾವರದ ಅಡಿಪಾಯ ಮತ್ತು ಆಧಾರ ರಚನೆಗಳು ಯಂತ್ರಸ್ಥಾವರದ ಭಾಗವೆಂದೇ ಪರಿಗಣಿತವಾಗಿವೆ. ಮೇಲಿನ ಉದಾಹರಣೆಯಲ್ಲಿ ರೂ. 1,20,000ದ ಮೇಲಿನ ಶೇ. 18ರ ತೆರಿಗೆ ರೂ. 21,600. 'ಹೆಚ್ಚುವರಿ ಕೆಲಸ' ಎಂದು ಒಂದೇ ಸಾಲಿನ ಬಿಲ್ಲು ಪಡೆದರೆ ಈ ಜಮೆಯನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಅನುಸರಿಸಬೇಕಾದ ಕ್ರಮ

ಕೋರಿಕೆ ಪತ್ರಕ್ಕೆ ಒಂದು ಪುಟ ಸಾಕು. ಕ್ರಮಸಂಖ್ಯೆ, ದಿನಾಂಕ, ಬದಲಾವಣೆಯ ವಿವರ, ಕಾರಣ, ದರ ಹಾಗೂ ತೆರಿಗೆ, ಅವಧಿಯ ಮೇಲಿನ ಪರಿಣಾಮ, ಉಭಯರ ಸಹಿ - ಇವಿಷ್ಟೂ ಅದರಲ್ಲಿರಬೇಕು. ಇವುಗಳಲ್ಲಿ 'ಕಾರಣ'ದ ಅಂಕಣವನ್ನು ಎಂದಿಗೂ ಖಾಲಿ ಬಿಡಬಾರದು. ವೆಚ್ಚದ ಹೊಣೆ ನಿರ್ಧಾರವಾಗುವುದು ಅಲ್ಲಿಯೇ. ಸಹಿಯಾಗುವ ಮೊದಲು ಕೆಲಸ ಆರಂಭಿಸಕೂಡದು. ತುರ್ತು ಸಂದರ್ಭದಲ್ಲಿ ಕನಿಷ್ಠ ಒಂದು ಪತ್ರವನ್ನಾದರೂ ಅಂದೇ ಕಳುಹಿಸಬೇಕು.

ಪರಿಚಯ, ವಿಶ್ವಾಸಗಳ ಮೇಲೆ ವ್ಯವಹರಿಸುವುದು ನಮ್ಮ ವ್ಯಾಪಾರಿ ಸಂಪ್ರದಾಯ. ಬರಹ ಆ ವಿಶ್ವಾಸಕ್ಕೆ ಎರವಾಗದು. ಕೊನೆಯ ಬಿಲ್ಲಿನ ದಿನವೂ ಅದನ್ನು ಉಳಿಸಿಕೊಡುತ್ತದೆ.